ಕಪಾಟಿನಲ್ಲಿದ್ದ ಗಿರಿಜಮ್ಮನ ಡಬ್ಬಿ

ದೆವ್ವ, ಶಕುನ ಎಂದು ಯಾರಾದರೂ ಶುರು ಮಾಡಿದರೆ ಎದ್ದು ಹೋಗುವವಳು ನಾನು. ನನ್ನ ಹೊಟ್ಟೆಪಾಡೇ ಯಂತ್ರಗಳ ಜೊತೆ. ಬಸವೇಶ್ವರನಗರದ ಒಂದು ಚಿಕ್ಕ ಆಫೀಸಿನಲ್ಲಿ ಕೂತು, ಯಾರ್ಯಾರದೋ ಮನೆಯ ಯುಪಿಎಸ್ ಬಿಸಿಯಾಗುತ್ತಿದೆಯೇ, ಬ್ಯಾಟರಿ ಸೊರಗುತ್ತಿದೆಯೇ ಎಂದು ಕಂಪ್ಯೂಟರಿನಲ್ಲಿ ನೋಡುತ್ತಿರುವುದು ನನ್ನ ಕೆಲಸ. ಪ್ರತಿ ಯುಪಿಎಸ್ಸಿಗೂ ಅಂಗೈಯಗಲದ ಒಂದು ಡಬ್ಬಿ ಅಂಟಿಸಿರುತ್ತೇವೆ. ಅದು ಬಿಸಿಯನ್ನು ಅಳೆದು ನಮಗೆ ತಿಳಿಸುತ್ತದೆ. ಪರದೆಯ ಮೇಲೆ ಆ ಮನೆಯವರ ಹೆಸರು ಹಸಿರಿದ್ದರೆ ಕ್ಷೇಮ, ಕೆಂಪಾದರೆ ಆ ಮನೆಗೆ ಫೋನ್ ಮಾಡಬೇಕು. ಇದರಲ್ಲಿ ದೆವ್ವಕ್ಕೆ ಜಾಗವೆಲ್ಲಿದೆ ಹೇಳಿ. ಆದರೂ ಬರೆಯುತ್ತಿದ್ದೇನೆ, ನಗುವವರು ನಗಲಿ.

ಕೆಂಗೇರಿಯಲ್ಲಿ ಗಿರಿಜಮ್ಮ ಎಂಬ ವಯಸ್ಸಾದವರಿದ್ದರು. ಸದಾ ಆಕ್ಸಿಜನ್ ಮೆಷಿನ್ ಬೇಕಿತ್ತು, ಕರೆಂಟ್ ಹೋದರೆ ಯುಪಿಎಸ್ಸೇ ಗತಿ. ಅವರ ಮುಖವನ್ನು ನಾನು ನೋಡಿಯೇ ಇಲ್ಲ. ದಿನಾ ಬೆಳಿಗ್ಗೆ ಅವರೇ ಫೋನ್ ಮಾಡುತ್ತಿದ್ದರು. "ನನ್ನ ಮೆಷಿನ್ ಹೆಂಗಿದೆಯಮ್ಮ? ನಿಂದು ತಿಂಡಿ ಆಯ್ತಾ?" ಆಯುಧಪೂಜೆ ಬಂದರೆ ಯುಪಿಎಸ್ಸಿಗೆ ಹಾರ ಹಾಕಬಹುದೇ ಎಂದು ಕೇಳುವರು. "ಬೊಟ್ಟಿಡಿ ಸಾಕು, ಹಾರ ಬೇಡ. ಫ್ಯಾನಿಗೆ ಗಾಳಿ ಆಡಲ್ಲ," ಎನ್ನುತ್ತಿದ್ದೆ. "ಪಾಪ, ಅದಕ್ಕೂ ನನ್ನ ಹಂಗೇ ಉಸಿರು ಕಟ್ಟುತ್ತೇನೋ," ಎಂದು ನಗುವರು. ಅವರು ತೀರಿಕೊಂಡ ಮೇಲೆ ಮನೆಯವರು ಡಬ್ಬಿಯನ್ನು ವಾಪಸ್ ಕೊಟ್ಟರು. ಕಪಾಟಿನಲ್ಲಿಟ್ಟೆ. ಪರದೆಯ ಮೇಲೆ ಅವರ ಹೆಸರು ಬೂದುಬಣ್ಣಕ್ಕೆ ತಿರುಗಿತು. ಅಳಿಸಲು ಮನಸ್ಸಾಗಲಿಲ್ಲ.

ಮುಂದಿನ ಆಯುಧಪೂಜೆಯ ಹೊತ್ತಿಗೆ ಮಾರೇನಹಳ್ಳಿಯ ನಮ್ಮ ಮನೆಯಲ್ಲೇ ಅತ್ತೆಗೂ ಅಂಥದೇ ಮೆಷಿನ್ ಬಂದಿತ್ತು. ಅದರ ಯುಪಿಎಸ್ಸಿಗೂ ಡಬ್ಬಿ ಹಾಕಿಸಿ, ನಮ್ಮ ಮನೆಯನ್ನೂ ಪರದೆಗೆ ಸೇರಿಸಿದ್ದೆ. ಅವತ್ತು ಆಫೀಸಿನಲ್ಲಿ ಪೂಜೆ ಮುಗಿಸಿ, ಚರುಪು ತಿಂದು ಎಲ್ಲರೂ ಹೊರಟುಹೋದರು. ಪರದೆ ನೋಡಲು ಒಬ್ಬರಿರಲೇಬೇಕಲ್ಲ, ನಾನು ಉಳಿದೆ. ಇಂಥ ಕತೆಗಳೆಲ್ಲ ರಾತ್ರಿಯಲ್ಲೇ ನಡೆಯುತ್ತವಂತೆ. ನನ್ನದು ಹಾಡಹಗಲಲ್ಲಿ ನಡೆಯಿತು. ಊದುಬತ್ತಿಯ ಹೊಗೆ ಬಿಸಿಲಿನಲ್ಲಿ ಮೆಲ್ಲಗೆ ತೇಲುತ್ತಿತ್ತು, ಬೀದಿಯಲ್ಲಿ ಯಾರೋ ಕುಂಬಳಕಾಯಿ ಒಡೆದ ಸದ್ದು ಬಹಳ ದೂರದಿಂದ ಬಂದ ಹಾಗಿತ್ತು. ಕಣ್ಣು ಎಳೆಯುತ್ತಿತ್ತು ನಿಜ, ಸುಳ್ಳೇಕೆ ಹೇಳಲಿ.

ಆಗ ಗಿರಿಜಮ್ಮನ ಹೆಸರು ಕೆಂಪಾಯಿತು.

ಭಯವಾಗಲಿಲ್ಲ, ಸಿಟ್ಟು ಬಂತು. ಹಬ್ಬದ ದಿನವೂ ಇದರದ್ದೊಂದು ಕಾಟ ಎಂದು ಗೊಣಗುತ್ತಾ ಎದ್ದು ಕಪಾಟು ತೆಗೆದೆ. ಡಬ್ಬಿ ಇಟ್ಟಲ್ಲೇ ಇತ್ತು. ವೈರಿಲ್ಲ, ಅದಕ್ಕೆ ಸ್ವಂತ ಬ್ಯಾಟರಿಯೂ ಇಲ್ಲ. ಕೈಗೆತ್ತಿಕೊಂಡರೆ ಆಗಷ್ಟೇ ಒಲೆಯಿಂದ ಇಳಿಸಿದ ಲೋಟದಷ್ಟು ಬಿಸಿ. ಜೊತೆಗೆ ಬಾಡಿ ಬೆಂದ ಚೆಂಡುಹೂವಿನ ವಾಸನೆ. ಆಫೀಸಿನ ಪೂಜೆಗೆ ತಂದದ್ದು ಸೇವಂತಿಗೆ, ಚೆಂಡುಹೂವಲ್ಲ. ಹಾರ ಹಾಕಿದರೆ ಉಸಿರು ಕಟ್ಟುತ್ತೇನೋ ಎಂದಿದ್ದ ಗಿರಿಜಮ್ಮನ ಮಾತು ನೆನಪಾಯಿತು. ಪರದೆಯಲ್ಲಿ ನಮ್ಮ ಮನೆ ಹಸಿರಾಗಿಯೇ ಇತ್ತು, ಆದರೂ ಅತ್ತೆಗೆ ಫೋನ್ ಮಾಡಿದೆ.

"ಕರೆಂಟಿಲ್ಲ ಕಣೇ, ಆಗಲೇ ಹೋಯ್ತು," ಎಂದರು ಅತ್ತೆ, ನಿಧಾನವಾಗಿ ಉಸಿರೆಳೆದುಕೊಳ್ಳುತ್ತಾ. "ಮಹೇಶ ಗಾಡಿ ಪೂಜೆ ಮಾಡಿಸಕ್ಕೆ ಹೋಗಿದಾನೆ. ನನ್ನ ಮೆಷಿನ್ ಓಡ್ತಾ ಇದೆ ಬಿಡು. ಆ ಯುಪಿಎಸ್ಸಿಗೆ ಎಷ್ಟು ದೊಡ್ಡ ಹಾರ ಹಾಕಿದಾನೆ ಗೊತ್ತಾ, ಒಳ್ಳೆ ಮದುವೆಗಂಡಿನ ಥರ ಕಾಣ್ತಿದೆ."

ಮಹೇಶ ನನ್ನ ಗಂಡ. ಊರಿಗೆಲ್ಲ ಹಾರ ಬೇಡವೆನ್ನುವ ನಾನು ಮನೆಯಲ್ಲಿ ಅದನ್ನು ಹೇಳಬೇಕೆಂದೇ ಅಂದುಕೊಂಡಿರಲಿಲ್ಲ. ಅತ್ತೆ ಎದ್ದು ಅದನ್ನು ತೆಗೆಯುವ ಸ್ಥಿತಿಯಲ್ಲಿರಲಿಲ್ಲ. ಗಂಡನ ಫೋನ್ ರಿಂಗಾಗಿ ರಿಂಗಾಗಿ ನಿಂತಿತು. ಸ್ಕೂಟರ್ ಹತ್ತಿದೆ. ದಾರಿಯುದ್ದಕ್ಕೂ ಕುಂಕುಮ ಬಳಿದ ಕುಂಬಳಕಾಯಿ ಹೋಳುಗಳು, ಬಾಳೆಕಂದು ಕಟ್ಟಿದ ಆಟೋಗಳು. ಯಾವುದಕ್ಕೂ ಸದ್ದೇ ಇರಲಿಲ್ಲ. ನನ್ನ ಸ್ಕೂಟರ್ ನೆಲ ಮುಟ್ಟುತ್ತಿಲ್ಲವೇನೋ ಅನಿಸಿತು.

ಮನೆಯಲ್ಲಿ ಯುಪಿಎಸ್ ಮುಟ್ಟಲಾಗದಷ್ಟು ಕಾದಿತ್ತು. ಫ್ಯಾನಿನ ಕಿಂಡಿಗೆ ಚೆಂಡುಹೂವು ಅಂಟಿಕೊಂಡು ಕಪ್ಪಾಗಿತ್ತು. ಹಾರ ಕಿತ್ತೆಸೆದೆ. ಫ್ಯಾನು ದೊಡ್ಡದಾಗಿ ಉಸಿರು ಬಿಟ್ಟು ತಿರುಗಿತು. ಇನ್ನು ಸ್ವಲ್ಪ ಹೊತ್ತಾಗಿದ್ದರೆ ಅದು ತಾನೇ ನಿಂತುಹೋಗುತ್ತಿತ್ತು, ಅದರ ಜೊತೆ ಅತ್ತೆಯ ಮೆಷಿನ್ನೂ. ನಮ್ಮ ಡಬ್ಬಿ ಎಲ್ಲಿತ್ತು ಗೊತ್ತೇ? ಪೂಜೆಗೆಂದು ಒರೆಸುವಾಗ ಅಂಟು ಬಿಡಿಸಿ, ವೈರು ಮಾತ್ರ ಹಾಗೇ ಬಿಟ್ಟು, ಕಿಟಕಿಯ ತಂಪು ಗಾಳಿಯಲ್ಲಿ ಇಟ್ಟಿದ್ದರು ನನ್ನ ಗಂಡ ಮಹಾರಾಯರು. ಅದಕ್ಕೇ ಪರದೆಯಲ್ಲಿ ಹಸಿರು. ಅತ್ತೆಯ ಕಾಲ ಬಳಿ ಕೂತು ಅತ್ತುಬಿಟ್ಟೆ. "ಏನಾಯ್ತೇ, ಹಬ್ಬದ ದಿನ?" ಎಂದು ಅವರು ತಲೆ ಸವರಿದರು.

ಮರುದಿನ ಕಂಪ್ಯೂಟರಿನಲ್ಲಿ ಹುಡುಕಿದೆ. ಗಿರಿಜಮ್ಮನ ಹೆಸರು ಕೆಂಪಾದ ಗುರುತೇ ಇರಲಿಲ್ಲ. ಡಬ್ಬಿ ತಣ್ಣಗಿತ್ತು. "ನಿದ್ದೆಗಣ್ಣಲ್ಲಿ ಏನೋ ನೋಡಿದೀರ ಬಿಡಿ ಮೇಡಂ," ಎಂದರು ಆಫೀಸಿನವರು. ಇರಬಹುದು. ಆದರೆ ಅಂಗೈಗೆ ತಾಗಿದ ಆ ಬಿಸಿ, ಆ ವಾಸನೆ? ನನಗೆ ಇವತ್ತಿಗೂ ತಿಳಿಯದು.

ಅತ್ತೆ ಇದ್ದಾರೆ, ಚೆನ್ನಾಗಿದ್ದಾರೆ. ಹಳೇ ಹೆಸರುಗಳನ್ನೆಲ್ಲ ಅಳಿಸಿ ಎಂದು ಮೇಲಿನವರು ಎರಡು ಸಲ ಹೇಳಿದರು, ಒಂದನ್ನು ಬಿಟ್ಟು ಉಳಿದದ್ದೆಲ್ಲ ಅಳಿಸಿದೆ. ಬೆಳಿಗ್ಗೆ ಬಂದು ಕೂತೊಡನೆ, ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ, ಆ ಬೂದುಬಣ್ಣದ ಹೆಸರಿಗೆ ಮೆಲ್ಲಗೆ ಹೇಳುತ್ತೇನೆ: "ತಿಂಡಿ ಆಯ್ತು ಗಿರಿಜಮ್ಮ."