ಡ್ರಮ್ಮಿನ ಹಾವಿಗೆ ತನಿ ಎರೆದ ದಿನ

ನಾಗದೋಷ, ಹಾವಿನ ಹಗೆ, ಮೈಮೇಲೆ ನಾಗಮ್ಮ ಬರುವುದು, ಇವನ್ನೆಲ್ಲ ನಾನು ನಂಬಿದವಳಲ್ಲ. ಯಾರಾದರೂ ಹೇಳಿದರೆ ಅವರ ಎದುರಿಗೇ ನಗುತ್ತಿದ್ದೆ. ತಿಪಟೂರಿನಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ ಇದೆ. ಜೊತೆಗೆ ತರಬೇತಿ ಪಡೆದು, ಮನೆಗಳಿಗೆ ನುಗ್ಗಿದ ಹಾವುಗಳನ್ನು ಹಿಡಿದು ಕಾಡಿಗೆ ಸೇರಿಸುವ ಕೆಲಸವನ್ನೂ ಮಾಡುತ್ತೇನೆ. ಹಾವಿಗೆ ದ್ವೇಷವಿಲ್ಲ, ಇರುವುದು ಭಯವೊಂದೇ ಎಂದು ಕಣ್ಣಾರೆ ಕಂಡು ಕಲಿತವಳು. ಈಗ ಹೇಳುವುದನ್ನು ನೀವು ನಂಬಲೇಬೇಕೆಂಬ ಹಟ ನನಗಿಲ್ಲ.

ನನ್ನ ಅಕ್ಕನನ್ನು ಕೊಟ್ಟಿರುವುದು ದಂಡಿನಶಿವರದ ಪಕ್ಕದ ಒಂದು ಹಳ್ಳಿಗೆ. ಕೆಲವು ವರ್ಷಗಳ ಹಿಂದೆ, ನಾಗರ ಪಂಚಮಿ ಹತ್ತಿರ ಬಂದಾಗ, ಭಾವನ ತೋಟದಲ್ಲಿ ತೆಂಗಿನಕಾಯಿ ಸುಲಿದು ಹಾಕಿದ್ದ ಸಿಪ್ಪೆಯ ರಾಶಿಯಲ್ಲಿ ಒಂದು ನಾಗರಹಾವು ಸಿಕ್ಕಿತು. ಎಲ್ಲರೂ ಹುತ್ತಕ್ಕೆ ಹಾಲು ತನಿ ಎರೆದರೆ, ನಮ್ಮ ಭಾವ ಈ ಸಲ ಹಾವಿಗೇ ನೇರವಾಗಿ ಎರೆಸುತ್ತೇನೆಂದು ಊರಿಗೆಲ್ಲ ಸಾರಿದ. ಅವನಿಗೆ ಬಹುವಚನ ಕೊಡಲು ಈಗ ನನಗೆ ಮನಸ್ಸು ಬರುವುದಿಲ್ಲ. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ. ಹಬ್ಬದವರೆಗೂ ಇರಲೆಂದು ಹಾವನ್ನು ಪ್ಲಾಸ್ಟಿಕ್ ಡ್ರಮ್ಮಿಗೆ ಹಾಕಿ, ಡ್ರಮ್ಮಿನ ಬಾಯಿಗೆ ಜಾಲರಿ ಕಟ್ಟಿ, ಕೊಬ್ಬರಿ ಅಟ್ಟದ ಕೆಳಗಿನ ಕೋಣೆಯಲ್ಲಿಟ್ಟ.

ಹಬ್ಬದ ಹಿಂದಿನ ದಿನ ಹೋಗಿ ನೋಡಿದೆ. ಜಾಲರಿಗೆ ಉಜ್ಜಿ ಉಜ್ಜಿ ಅದರ ಮೂತಿಯ ಎಡಗಡೆ ತರಚಿ ರಕ್ತ ಬಂದಿತ್ತು. ನುಂಗಿದ್ದ ಕಪ್ಪೆಯನ್ನು ಕಕ್ಕಿತ್ತು. ಯಾರ ಹೆಜ್ಜೆಗೆ ನೆಲ ಅದುರಿದರೂ ಮೈ ಉಬ್ಬಿಸಿ ಬುಸುಗುಡುತ್ತಿತ್ತು. ಹಾವು ಕಂಗೆಟ್ಟಿದೆ ಎನ್ನುವುದಕ್ಕೆ ಬೇರೆ ಗುರುತು ಬೇಕಿರಲಿಲ್ಲ.

"ಭಾವ, ಇದು ಹೆದರಿ ಸಾಯ್ತಾ ಐತೆ ಕಣ್ರೀ. ತಿಂದಿದ್ದೆಲ್ಲ ಕಕ್ಕೈತೆ, ಒಂದೆಜ್ಜೆ ಇಟ್ರೂ ಬುಸುಗುಡ್ತೈತೆ. ಬಟ್ಟೆ ಮುಚ್ಚಿ ಕತ್ಲು ಮಾಡಿ, ಯಾರೂ ಹತ್ರ ಬರದಂಗೆ ನೋಡ್ಕಳಿ. ಸಂಜೆಗೆ ನಾನೇ ತಗಂಡೋಗಿ ಬುಡ್ತೀನಿ," ಎಂದೆ. ಹಾವನ್ನು ಹೀಗೆ ಕೂಡಿಹಾಕುವುದು ಅಪರಾಧವೆಂದೂ ಹೇಳಿದೆ.

"ಹಬ್ಬ ಮುಗೀಲಿ ಬುಡಮ್ಮ. ನೀನು ಬ್ಲೌಸ್ ಹೊಲಿ, ಹಾವಿನ ಇಚಾರ ನಂಗೆ ಬುಡು," ಎಂದು ಡ್ರಮ್ಮಿಗೆ ಪಟಪಟನೆ ಬಡಿದ. ಹಾವು ಹೆಡೆಯೆತ್ತಿತು. ನೆರೆದವರು ಕೈಮುಗಿದರು. ಹೆಡೆ ಇಳಿದರೆ ಮತ್ತೆ ಬಡಿಯುವನು. ಅವನ ಕೈ ಮುರಿಯಬೇಕೆನಿಸಿತು. ಆಮೇಲೆ ಕೋಣೆಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ.

ಪಂಚಮಿಯ ದಿನ ಮೊದಲ ತನಿ ಮನೆಯ ಸೊಸೆಯದೇ ಆಗಬೇಕು. ಅಕ್ಕನಿಗೆ ಹಾವೆಂದರೆ ಜೀವ ಹೋಗುವಷ್ಟು ಭಯ. ಆ ಕೋಣೆಯ ಹೊಸ್ತಿಲನ್ನೇ ಅವಳು ತುಳಿದಿರಲಿಲ್ಲ. ಭಾವ ಅವಳ ರಟ್ಟೆ ಹಿಡಿದು ಎಳೆದುತಂದ. ಅವಳು ಕಣ್ಣು ಬಿಗಿಯಾಗಿ ಮುಚ್ಚಿಕೊಂಡೇ ಎರೆದಳು. ಹಿಂದೆಯೇ ಊರಿನ ಹೆಂಗಸರೆಲ್ಲ ಎರೆದರು. ತಣ್ಣನೆಯ ಹಾಲು, ಅರಿಶಿನ, ಕುಂಕುಮ ಎಲ್ಲ ಆ ಹಾವಿನ ಮೇಲೆ. ಮಧ್ಯಾಹ್ನ ನಾನು ಹಾವು ಹಿಡಿಯುವ ಕೊಕ್ಕೆಯಲ್ಲಿ ಎತ್ತಿದಾಗ ಅದು ಹಗ್ಗದಂತೆ ಜೋತುಬಿತ್ತು. ಸತ್ತಿತ್ತು.

ನಾನು ಹಾವನ್ನು ತೋಟದಲ್ಲಿ ಹೂಳಿ ಬರುವಷ್ಟರಲ್ಲಿ ಅಕ್ಕ ಅದೇ ಕೋಣೆಯ ಮೂಲೆಯಲ್ಲಿ ಮುದುಡಿ ಕೂತಿದ್ದಳು. ಮೂಗನ್ನು ಗೋಡೆಗೆ ಉಜ್ಜುತ್ತಿದ್ದಳು. ಮೂಗಿನ ಎಡಗಡೆ ತರಚಿ ರಕ್ತ ಬಂದಿತ್ತು. ಉಂಡಿದ್ದನ್ನೆಲ್ಲ ಕಕ್ಕಿದ್ದಳು. ನಾನು ಒಂದು ಹೆಜ್ಜೆ ಒಳಗಿಟ್ಟಿದ್ದಕ್ಕೇ ಅವಳ ಎದೆ ಉಬ್ಬಿ, ಬಾಯಿಂದ ಉಸಿರು ಬುಸ್ಸೆಂದಿತು.

ಭಾವ ಬಂದು ನೋಡಿ, "ನಾಗಮ್ಮ ಬಂದವ್ಳೆ ಕಣ್ರಪ್ಪೋ!" ಎಂದು ಬಾಗಿಲನ್ನು ಅಗಲ ತೆರೆದ. ಹೆಂಗಸರು ಉಳಿದ ಹಾಲು ಹಿಡಿದು ಮತ್ತೆ ಬಂದರು. ಅಕ್ಕನ ತಲೆಯ ಮೇಲೆ ಸುರಿದರು. ಅವಳು ತಲೆ ತಗ್ಗಿಸಿದಾಗ ಅವಳ ಗಂಡ ಪಕ್ಕದ ನೆಲಕ್ಕೆ ಅಂಗೈಯಿಂದ ಪಟಪಟನೆ ಬಡಿದ. ಅವಳು ನಡುಗುತ್ತ ತಲೆಯೆತ್ತಿದಳು. ಎಲ್ಲರೂ ಕೈಮುಗಿದರು.

ಆಗ ನಾನು ಹಾವಿನ ಕೊಕ್ಕೆಯನ್ನೇ ಬೀಸಿ ಅವರನ್ನು ಹೊರಗಟ್ಟಿದೆ. ಅಗುಳಿ ಹಾಕಿ, ಕಿಟಕಿಗೆ ಕಂಬಳಿ ಕಟ್ಟಿದೆ. ಅವಳನ್ನು ಮುಟ್ಟಲಿಲ್ಲ, ದಿಟ್ಟಿಸಲಿಲ್ಲ, ಮಾತಾಡಿಸಲಿಲ್ಲ. ಕಂಗೆಟ್ಟ ಹಾವಿಗೆ ಏನು ಮಾಡಬೇಕೆಂದು ಕಲಿತಿದ್ದೆನೋ ಅದನ್ನೇ ನನ್ನ ಒಡಹುಟ್ಟಿದವಳಿಗೆ ಮಾಡಿದೆ, ಅಳುತ್ತಲೇ. ಕತ್ತಲಲ್ಲಿ ಬಹಳ ಹೊತ್ತಿನ ಮೇಲೆ ಅವಳ ಉಸಿರು ಇಳಿಯಿತು. "ನೀರು ಕೊಡೇ," ಎಂದಳು, ತನ್ನದೇ ದನಿಯಲ್ಲಿ.

ತುರುವೇಕೆರೆಯ ಡಾಕ್ಟರು ಭಯದಿಂದ ಹೀಗಾಗುತ್ತದೆ ಎಂದರು. ಇರಬಹುದು. ನಾನು ಭಾವನಿಗೆ ಹೇಳಿದ್ದು ಅಡಿಗೆಮನೆಯಲ್ಲಿದ್ದ ಅವಳ ಕಿವಿಗೂ ಬಿದ್ದಿರಬಹುದು. ಆದರೆ ಮೂತಿಯ ಗಾಯದ ಮಾತನ್ನು ನಾನು ಯಾರೊಡನೆಯೂ ಆಡಿರಲಿಲ್ಲ, ಅವಳು ಹಾವನ್ನು ಕಣ್ಣು ಬಿಟ್ಟು ನೋಡಿರಲೂ ಇಲ್ಲ. ಎಷ್ಟು ಯೋಚಿಸಿದರೂ ಇದು ನನಗೆ ಬಗೆಹರಿದಿಲ್ಲ.

ಮರುವರ್ಷ ಪಂಚಮಿಗೆ ಮುಂಚೆ ಭಾವನ ಫೋನ್ ಬಂತು.

"ಈ ಸಲ ಎಲ್ಲೂ ಹಾವು ಸಿಗ್ಲಿಲ್ಲ ಕಣಮ್ಮ. ಹೋಗ್ಲಿ ಬುಡು, ಹೆಂಗೂ ನಿಮ್ಮಕ್ಕ ಅವ್ಳೆ."

ಹೊಲಿಯುತ್ತಿದ್ದ ಬಟ್ಟೆಯನ್ನು ಮಿಷನ್ನಿನಲ್ಲೇ ಬಿಟ್ಟು ಹೊರಟೆ. ನಾನು ಹೋದಾಗ ಅಕ್ಕ ಕೊಬ್ಬರಿ ಅಟ್ಟದ ಕೆಳಗಿನ ಕೋಣೆಯಲ್ಲಿದ್ದಳು. ಹೊರಗಡೆಯಿಂದ ಬೀಗ ಹಾಕಿತ್ತು.