ಗುರುವಾರದ ಮೀನು

ಮೊದಲು ಸುಟ್ಟದ್ದು ತುಟಿ.

ಮಾರಿಷಸ್ಸಿನ ಹೋಟೆಲು. ಬೆಳಿಗ್ಗೆ ಎದ್ದು ಫ್ರಿಜ್ಜಿನಿಂದ ನೀರಿನ ಬಾಟಲಿ ತೆಗೆದು ಬಾಯಿಗಿಟ್ಟೆ. ಕುದಿಯುವ ಚಹಾ ಗುಟುಕರಿಸಿದಂತಾಯಿತು. ಬಾಟಲಿ ಕೈಬಿಟ್ಟೆ. ಹಿಡಿದಿದ್ದ ಬೆರಳುಗಳೂ ಉರಿಯುತ್ತಿದ್ದವು. ನೋಡಿದರೆ ಬಾಟಲಿಯ ಮೈ ತಂಪಿಗೆ ಬೆವತಿತ್ತು. ಯಜಮಾನರನ್ನು ಕರೆದು ಮುಟ್ಟಿ ನೋಡಲು ಹೇಳಿದೆ. ಅವರು ಮುಟ್ಟಿದರು, ಎರಡು ಗುಟುಕು ಕುಡಿದರು, ಚಲೋ ತಣ್ಣಗಿದೆ ಎಂದು ಮುಚ್ಚಳ ಹಾಕಿಟ್ಟರು.

ಹಿಂದಿನ ದಿನ ಇಳಿಹೊತ್ತಿನಿಂದ ವಾಂತಿ, ಭೇದಿ ಆಗಿದ್ದವು. ಹೊಟ್ಟೆ ಕೆಟ್ಟಿದೆ ಎಂದು ಟೂರಿನವರು ಓಆರ್‌ಎಸ್ ಪುಡಿ ಕೊಟ್ಟಿದ್ದರು. ಹೊಟ್ಟೆ ಕೆಡುವುದು ನನಗೆ ಹೊಸದಲ್ಲ. ಆದರೆ ತಣ್ಣೀರು ಸುಡುವುದನ್ನು ನಾನು ಕೇಳಿಯೂ ಇರಲಿಲ್ಲ. ನಲ್ಲಿಯ ಕೆಳಗೆ ಕೈ ಹಿಡಿದೆ. ಸಣ್ಣ ಸೂಜಿಗಳನ್ನು ಚುಚ್ಚಿದ ಹಾಗಾಯಿತು. ಹಲ್ಲುಗಳು ವಸಡಿನಲ್ಲಿ ಸಡಿಲಾದಂತೆ ಅನ್ನಿಸಿತು. ಬಾಯಿಯಲ್ಲಿ ಹಿತ್ತಾಳೆಯ ರುಚಿ.

ನನ್ನ ಕೈಯ ಬಗ್ಗೆ ಸ್ವಲ್ಪ ಹೇಳಬೇಕು. ಅಕ್ಕಲಕೋಟದ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ನಾನು ಕಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿ ಮಾಡಿಸುತ್ತೇನೆ. ಎಂಟು ಮಂದಿ ಹೆಂಗಸರಿದ್ದೇವೆ. ಸೋಲಾಪುರದ ಅಂಗಡಿಗಳಿಗೆ ಹೋಗುತ್ತದೆ. ಜೋಳದ ಹಿಟ್ಟಿಗೆ ಸುರಿಯುವ ಎಸರಿನ ಕಾವು, ನಾದುವಾಗ ಹಿಟ್ಟಿನಲ್ಲಿ ಉಳಿದ ಬಿಸಿ, ಹಂಚು ಕಾದಿದೆಯೋ ಇಲ್ಲವೋ ಎಂಬುದು, ಇವೆಲ್ಲ ಕಣ್ಣಿಗೆ ಕಾಣುವುದಿಲ್ಲ. ಕೈಗೇ ಗೊತ್ತಾಗಬೇಕು. ಎಸರು ತುಸು ಆರಿದರೂ ರೊಟ್ಟಿ ಬಡಿಯುವಾಗ ಅಂಚು ಸೀಳುತ್ತದೆ. ಇಪ್ಪತ್ತು ವರ್ಷದಿಂದ ನಮ್ಮ ಶೆಡ್ಡಿನಲ್ಲಿ ಎಸರು ನೋಡುವವಳು ನಾನೊಬ್ಬಳೇ. ಹೆಂಗಸರು ನನ್ನ ಬೆರಳಿಗೆ ಥರ್ಮಾಮೀಟರ್ ಅನ್ನುತ್ತಿದ್ದರು, ನಾನೂ ಹಿಗ್ಗುತ್ತಿದ್ದೆ.

ಇನ್ನು ಮೀನಿನ ವಿಷಯ. ನಾನು ಅಂಬಿಗರ ಮಗಳು. ಕರಜಗಿಯ ಆಚೆ ಭೀಮಾ ದಂಡೆಯ ಹಳ್ಳಿಯಲ್ಲಿ ಹುಟ್ಟಿದವಳು. ಅಪ್ಪ ಬಲೆ ಬೀಸುತ್ತಿದ್ದ. ಕಣ್ಣು ಹೊಳೆಯಬೇಕು, ಕಿವಿರು ಕೆಂಪಗಿರಬೇಕು, ಬೆರಳಿನಿಂದ ಒತ್ತಿದರೆ ಮಾಂಸ ಮತ್ತೆ ಮೇಲೇಳಬೇಕು, ಆರಿಸಿದರೆ ಎಲ್ಲಕ್ಕಿಂತ ದೊಡ್ಡದನ್ನೇ ಆರಿಸಬೇಕು ಎಂದು ಕಲಿಸಿದ್ದ. ನದಿಯ ಸಣ್ಣ ಮೀನಿನಲ್ಲಿ ಮುಳ್ಳು ಹೆಚ್ಚು. ದೊಡ್ಡ ಮೀನಿನಲ್ಲಿ ಮುಳ್ಳು ಕಣ್ಣಿಗೆ ಕಾಣುತ್ತದೆ, ಸುಲಭವಾಗಿ ತೆಗೆಯಬಹುದು. ಅದರ ತಲೆ ತವರಿಗೆ ಬಂದ ಮಗಳಿಗೆ. ಅದು ನಮ್ಮ ಮನೆಯ ಕಾನೂನು. ಮದುವೆಯಾದ ಮೇಲೆ ನಾನು ತವರಿಗೆ ಹೋದಾಗಲೆಲ್ಲ ತಲೆ ನನ್ನ ತಟ್ಟೆಗೇ ಬೀಳುತ್ತಿತ್ತು.

ಮದುವೆಯಾಗಿ ಇಪ್ಪತ್ತೈದು ವರ್ಷವಾಯಿತೆಂದು ಹೊರಟ ಪ್ರವಾಸ. ಸೋಲಾಪುರದವರೇ ಮೂವತ್ತು ಮಂದಿ. ಅವರು ಊಟಕ್ಕೆ ಕೂತಾಗ ಚೀಲದಿಂದ ಚಿವಡಾ, ಪುರಿ, ರೊಟ್ಟಿ ತೆಗೆಯುತ್ತಿದ್ದರು. ಕೆಲವರ ಕೈಯಲ್ಲಿದ್ದದ್ದು ನಮ್ಮ ಶೆಡ್ಡಿನ ರೊಟ್ಟಿಯೇ. ನನಗೆ ನಗು ಬರುತ್ತಿತ್ತು. ಸಮುದ್ರದ ನಡುವಿನ ದೇಶಕ್ಕೆ ಬಂದು ನನ್ನದೇ ರೊಟ್ಟಿ ನಾನು ತಿನ್ನಲೆ? ದಿನಕ್ಕೊಂದು ಗೊತ್ತಿಲ್ಲದ ಮೀನು ತಿಂದೇ ತೀರುತ್ತೇನೆ ಎಂದು ಹಟ ಹಿಡಿದೆ. ಮೆನು ಓದಲು ಬರುತ್ತಿರಲಿಲ್ಲ, ಬೆರಳಿಟ್ಟು ತೋರಿಸುತ್ತಿದ್ದೆ. ಮೊದಲ ದಿನ ಸಾಸಿವೆ ಅರಿಶಿನ ಹಚ್ಚಿ ಉಪ್ಪಿನಕಾಯಿಯಂತೆ ಮಾಡಿದ ಮೀನು ಬಂತು. ಮರುದಿನ ಟೊಮ್ಯಾಟೊ ಗೊಜ್ಜಿನಲ್ಲಿ ಬೆಂದ ಒಣಮೀನು. ಒಂದಕ್ಕಿಂತ ಒಂದು ರುಚಿ. ಯಜಮಾನರು ನನ್ನ ತಟ್ಟೆಯಿಂದ ಒಂದೊಂದು ಚೂರು ತಿಂದು ತಲೆಯಾಡಿಸುತ್ತಿದ್ದರು.

ನಾಲ್ಕನೆಯ ದಿನ ಗುರುವಾರ.

ಗುರುವಾರ ನಮ್ಮೂರ ಮಠದ ಸ್ವಾಮಿಗಳ ವಾರ. ಅಕ್ಕಲಕೋಟದಲ್ಲಿ ನಮ್ಮ ಮನೆಯಲ್ಲಿ ಅವತ್ತು ಮೀನು, ತತ್ತಿ, ಮಾಂಸ ಯಾವುದೂ ಇಲ್ಲ. ಅತ್ತೆ ಬೆಳಿಗ್ಗೆ ಮಠಕ್ಕೆ ಹೋಗಿ ಬಂದ ಮೇಲೆಯೇ ಚಹಾ ಕುಡಿಯುತ್ತಾರೆ. ಇಪ್ಪತ್ತೈದು ವರ್ಷ ನಾನೂ ಒಂದು ಗುರುವಾರ ತಪ್ಪಿಸಿರಲಿಲ್ಲ. ಆದರೆ ಅವತ್ತು ಕಡಲಂಚಿನ ಒಂದು ಹೋಟೆಲಿನ ಬಾಗಿಲಲ್ಲೇ ಐಸಿನ ಮೇಲೆ ಮೀನುಗಳನ್ನು ಸಾಲಾಗಿ ಇಟ್ಟಿದ್ದರು. ನಡುವೆ ಒಂದು ದೊಡ್ಡದು, ಕಂದು ಮೈಮೇಲೆ ಕೆಂಪು ಚುಕ್ಕೆ, ಮೊಳಕ್ಕಿಂತ ಉದ್ದ. ಕಣ್ಣು ಹೊಳೆಯುತ್ತಿತ್ತು. ಕಿವಿರು ಎತ್ತಿ ನೋಡಿದೆ, ದಾಸವಾಳದಷ್ಟು ಕೆಂಪು. ಬಡಿಸುವಾತ ಹರಕು ಹಿಂದಿಯಲ್ಲಿ ಸಣ್ಣದನ್ನು ತೆಗೆದುಕೊಳ್ಳಿ, ಸಣ್ಣದು ಒಳ್ಳೆಯದು ಎಂದು ಎರಡು ಸಲ ಹೇಳಿದ. ದೊಡ್ಡದನ್ನು ಬಿಳಿಯರಿಗೆ ಎತ್ತಿಡುತ್ತಿದ್ದಾನೆ ಎಂದುಕೊಂಡೆ. ಅಂಬಿಗರ ಮಗಳಿಗೇ ಮೀನಿನ ಪಾಠವೆ? ಅದೇ ಬೇಕು ಅಂದೆ. ತಲೆಯೂ ಬೇಕು ಅಂದೆ.

ಯಜಮಾನರು ಬೇಳೆ ಅನ್ನ ತರಿಸಿಕೊಂಡರು. ನನ್ನ ಮುಖ ನೋಡಿದರು. ಊರಲ್ಲಿ ಅತ್ತೆಗೆ ಹೇಳಕೂಡದು ಎಂದು ಅವರಿಂದ ಮಾತು ತೆಗೆದುಕೊಂಡೆ. ಆಮೇಲೆ ಬೆಳ್ಳುಳ್ಳಿ, ಶುಂಠಿ, ಕೊತ್ತಂಬರಿ ಹಾಕಿ ಬೇಯಿಸಿದ ಆ ತಲೆಯನ್ನು ಎಲುಬು ಚೀಪಿ ಬರಿದು ಮಾಡಿದೆ. ಅಷ್ಟು ರುಚಿಯ ಮೀನು ನನ್ನ ಜನ್ಮದಲ್ಲಿ ತಿಂದಿಲ್ಲ. ಈಗಲೂ ಸುಳ್ಳು ಹೇಳಲಾರೆ.

ಊರಿಗೆ ಬಂದ ಮೇಲೆ ಹೊಟ್ಟೆ ಸರಿಯಾಯಿತು. ಕೈ ಸರಿಯಾಗಲಿಲ್ಲ. ತಣ್ಣೀರು ಸುಡುವುದು, ಅಂಗೈ ಅಂಗಾಲು ತುರಿಸುವುದು, ನಾಲ್ಕು ಹೆಜ್ಜೆ ನಡೆದರೆ ತೊಡೆ ನಡುಗುವುದು. ನಮ್ಮ ಊರಿನ ಡಾಕ್ಟರು ಬಿಪಿ ಕಡಿಮೆಯಿದೆ ಎಂದು ಸಲೈನ್ ಹಚ್ಚಿದರು. ಸೋಲಾಪುರದಲ್ಲಿ ಇಸಿಜಿ ಮಾಡಿದರು, ಶುಗರ್ ನೋಡಿದರು, ಥೈರಾಯ್ಡ್ ನೋಡಿದರು. ರಿಪೋರ್ಟುಗಳೆಲ್ಲ ನಾರ್ಮಲ್. ಒಬ್ಬರು ವಯಸ್ಸಿನ ಬದಲಾವಣೆ ಅಂದರು. ಇನ್ನೊಬ್ಬರು ಟೆನ್ಶನ್ ಅಂದು ನಿದ್ದೆಯ ಗುಳಿಗೆ ಬರೆದರು. ಎಲ್ಲರೂ ಊಟದ ಬಗ್ಗೆ ಕೇಳಿದರು, ಕೇಳಿದಾಗಲೆಲ್ಲ ಅತ್ತೆ ನನ್ನ ಪಕ್ಕದ ಕುರ್ಚಿಯಲ್ಲೇ ಇದ್ದರು. ಬುಧವಾರದವರೆಗಿನ ಮೀನುಗಳನ್ನೆಲ್ಲ ಒಂದೂ ಬಿಡದೆ ಹೇಳಿ, ಗುರುವಾರ ಬೇಳೆ ಅನ್ನ ಎನ್ನುತ್ತಿದ್ದೆ. ಯಜಮಾನರು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು.

ಡಾಕ್ಟರ ಹತ್ತಿರ, ವಕೀಲರ ಹತ್ತಿರ ಸುಳ್ಳು ಹೇಳಬಾರದು ಎನ್ನುತ್ತಾರೆ. ಅತ್ತೆ ಪಕ್ಕದಲ್ಲಿ ಕೂತಿದ್ದರೆ ಏನು ಮಾಡಬೇಕೆಂದು ಯಾರೂ ಹೇಳಿಲ್ಲ. ಹೆದರಿಕೆ ಅತ್ತೆಯದೊಂದೇ ಆಗಿರಲಿಲ್ಲ. ಸ್ವಾಮಿಗಳೇ ಶಿಕ್ಷೆ ಕೊಟ್ಟಿದ್ದಾರೆ ಎಂದು ನಾನು ಒಳಗೊಳಗೇ ನಂಬಿದ್ದೆ. ಶಿಕ್ಷೆಯಾದರೆ ಔಷಧಿ ಕೇಳುವುದೇಕೆ, ಅನುಭವಿಸಿ ಮುಗಿಸುತ್ತೇನೆ ಎಂಬ ಹಟವೂ ಇತ್ತು. ಅತ್ತೆ ಮಾತ್ರ ನನಗಾಗಿ ದಿನಾ ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕುತ್ತಿದ್ದರು. ಘಾಟು ಬರಲಿಲ್ಲ ನೋಡು, ದೃಷ್ಟಿ ಭಾರೀ ಆಗಿದೆ ಎನ್ನುತ್ತಿದ್ದರು. ನಾನು ತಲೆ ತಗ್ಗಿಸಿ ಕೂರುತ್ತಿದ್ದೆ.

ಮೂರನೆಯ ವಾರ ಶೆಡ್ಡಿಗೆ ಹೋದೆ. ಕೂತು ಕೂತು ಸಾಕಾಗಿತ್ತು. ರೇಣುಕಾ ನಮ್ಮಲ್ಲಿ ಹಳಬಳು, ನಾನಿಲ್ಲದಾಗ ಶೆಡ್ಡು ನೋಡಿಕೊಳ್ಳುವವಳು. ಎಸರಿಗೆ ಇಟ್ಟಿದ್ದಳು. ಬೇಡ ಅಕ್ಕಾ ಎನ್ನುತ್ತಿದ್ದಂತೆಯೇ ನಾನು ಹಿಟ್ಟಿಗೆ ಎಸರು ಸುರಿದು ಎಂದಿನಂತೆ ಕೈ ಹಾಕಿದೆ. ಹಿತವಾಗಿ, ತಂಪಾಗಿ ಅನ್ನಿಸಿತು. ಇದು ಆರಿದೆ, ಮತ್ತೆ ಕಾಯಿಸು ಅಂದೆ. ಅವಳು ನನ್ನ ಕೈಯನ್ನು ಹಿಟ್ಟಿನಿಂದ ಎಳೆದಳು.

ನಾಲ್ಕು ಬೆರಳಿನ ಮೇಲೆ ಗುಳ್ಳೆ ಎದ್ದಿದ್ದವು.

ಅವತ್ತು ಅತ್ತುಬಿಟ್ಟೆ. ಊರಿಗೆ ಬಂದ ಮೇಲೆ ಮೊದಲ ಸಲ ಅತ್ತದ್ದು. ಇಪ್ಪತ್ತು ವರ್ಷದ ಕೈಯನ್ನು ನಂಬಲಾಗದಿದ್ದರೆ ಇನ್ನು ನಾನು ಯಾರು? ಅಷ್ಟು ಹೆಂಗಸರ ಮುಂದೆ ಕೂತು ನಾನೇನು ಮಾಡಲಿ? ಅತ್ತು ಮುಗಿದ ಮೇಲೆ ಸಿಟ್ಟು ಬಂತು. ಸಿಟ್ಟು ಒಳ್ಳೆಯದಾಯಿತು. ಈ ಕೈಯನ್ನು ಹೀಗೆ ಬಿಟ್ಟುಕೊಡುವುದಿಲ್ಲ ಎಂದುಕೊಂಡೆ. ಮರುದಿನವೇ ಎಸ್‌ಟಿ ಬಸ್ಸು ಹಿಡಿದು ನಾನು, ಯಜಮಾನರು, ಅತ್ತೆ ಮೂವರೂ ಸೋಲಾಪುರಕ್ಕೆ ಹೋದೆವು. ಈ ಸಲ ನ್ಯೂರಾಲಜಿಸ್ಟ್ ಹತ್ತಿರ.

ಆಕೆ ಇನ್ನೂ ಚಿಕ್ಕ ವಯಸ್ಸಿನವರು. ಸೋಲಾಪುರದವರೇ, ಮನೆಮಾತು ಕನ್ನಡ. ಸೂಜಿ ಚುಚ್ಚಿ, ಸುತ್ತಿಗೆಯಿಂದ ಮೊಣಕಾಲು ತಟ್ಟಿ, ನರಗಳ ಎನ್‌ಸಿವಿ ಟೆಸ್ಟ್ ನೋಡಿದರು. ತಣ್ಣಗಿನ ಸ್ಟೀಲಿನ ಸಲಕರಣೆಯೊಂದನ್ನು ಅಂಗೈಗೆ ಮುಟ್ಟಿಸಿದರು. ನಾನು ಚೀರಿದೆ. ವಾಂತಿ ಶುರುವಾದದ್ದು ಗುರುವಾರ ಇಳಿಹೊತ್ತಿಗೆ ಎಂದು ಬರೆದುಕೊಂಡಿದ್ದ ಅವರು ಪೆನ್ನು ಕೆಳಗಿಟ್ಟರು.

"ಗುರುವಾರ ಮಧ್ಯಾಹ್ನ ಏನು ತಿಂದಿದ್ರಿ? ಖರೇ ಹೇಳ್ರಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಅತ್ತೆಯ ಕಡೆ ನೋಡಿದೆ. ಯಜಮಾನರು ಗೋಡೆಯ ಮೇಲಿದ್ದ ನರಗಳ ಚಿತ್ರ ಓದತೊಡಗಿದರು. ಬ್ಯಾಂಡೇಜಿನ ಕೈ ತೊಡೆಯ ಮೇಲಿತ್ತು. ಅದನ್ನು ನೋಡಿಯೇ ಬಾಯಿ ಬಂತು.

"ಮೀನು ತಿಂದಿದ್ನಿರಿ. ಭಾರೀ ದೊಡ್ಡದು. ತಲಿ ಸುದ್ದಾ ತಿಂದ್ನಿ."

ಅತ್ತೆ ಕುರ್ಚಿಯನ್ನು ನನ್ನ ಕಡೆ ಎಳೆದುಕೊಂಡು ಕೇಳಿದರು.

"ಗುರುವಾರ ಅಂತ ನಿನಗ ಗೊತ್ತಿತ್ತೇನು?"

"ಗೊತ್ತಿತ್ತ್ರಿ, ಅತ್ತಿ."

"ಮತ್ತ ಯಾಕ ಹೇಳ್ಲಿಲ್ಲ? ಮೂರು ವಾರ ಮೆಣಸಿನಕಾಯಿ ಸುಟ್ಟು ಕೂತ್ನಿ ನಾ. ಸ್ವಾಮಿ ಮುಂದ ತಪ್ಪಾತು ಅಂತ ಒಂದು ಮಾತು ನಾನಽ ಹೇಳಿ ಬರ್ತಿದ್ನಿ. ಕೈ ಸುಟ್ಕೊಳ್ಳೂತನಾ ಬಾಯಿ ಮುಚ್ಕೊಂಡ ಕುಂದ್ರೂದೇನು?"

ಆಮೇಲೆ ಡಾಕ್ಟರ ಕಡೆ ತಿರುಗಿ, ಇದು ಸ್ವಾಮಿಗಳ ಸಿಟ್ಟೇ ಎಂದು ಮೆಲ್ಲಗೆ ಕೇಳಿದರು. ನಾನು ಕೇಳಲು ಹೆದರಿದ್ದನ್ನು ಅವರೇ ಕೇಳಿದರು.

"ಅಜ್ಜಿ, ಬುಧವಾರ ತಿಂದಿದ್ರೂ ಹಿಂಗಽ ಆಗ್ತಿತ್ತ್ರಿ," ಅಂದರು ಡಾಕ್ಟರು. "ತಪ್ಪು ವಾರದ್ದಲ್ಲ, ಮೀನಿಂದು."

ಅದರ ಹೆಸರು ಸಿಗ್ವಾಟೆರಾ. ಡಾಕ್ಟರು ಹಿಂದೆ ಕರಾವಳಿಯ ಆಸ್ಪತ್ರೆಯೊಂದರಲ್ಲಿದ್ದಾಗ ಇಂಥ ಒಂದು ಕುಟುಂಬವನ್ನು ನೋಡಿದ್ದರಂತೆ. ಬಿಸಿ ಸಮುದ್ರದ ಹವಳದ ಬಂಡೆಗಳ ಮೇಲೆ ಬೆಳೆಯುವ ಒಂದು ಬಗೆಯ ಪಾಚಿಯಲ್ಲಿ ವಿಷವಿರುತ್ತದೆ. ಪಾಚಿಯನ್ನು ಸಣ್ಣ ಮೀನು ತಿನ್ನುತ್ತದೆ, ಸಣ್ಣ ಮೀನನ್ನು ದೊಡ್ಡದು ತಿನ್ನುತ್ತದೆ. ಮೀನು ದೊಡ್ಡದಾದಷ್ಟೂ ವಿಷ ಕೂಡುತ್ತ ಹೋಗುತ್ತದೆ, ತಲೆಯಲ್ಲಿ, ಹೊಟ್ಟೆಯ ಭಾಗದಲ್ಲಿ ಇನ್ನೂ ಹೆಚ್ಚು. ಮೀನು ಎಷ್ಟೇ ತಾಜಾ ಇರಲಿ, ಎಷ್ಟೇ ಬೇಯಿಸಲಿ, ಅದು ಹೋಗುವುದಿಲ್ಲ. ಬಣ್ಣದಲ್ಲಿ, ವಾಸನೆಯಲ್ಲಿ, ರುಚಿಯಲ್ಲಿ ಗೊತ್ತಾಗುವುದಿಲ್ಲ. ಅಪ್ಪ ಕಲಿಸಿದ್ದು ಒಂದೂ ಸುಳ್ಳಲ್ಲ. ಅದು ಭೀಮೆಯ ವಿದ್ಯೆ. ಅದನ್ನು ಹಾಗೆಯೇ ಕಡಲಿಗೆ ಒಯ್ದವಳು ನಾನು. ಆ ಬಡಿಸುವಾತ ಎರಡು ಸಲ ಹೇಳಿದ್ದ. ಅವನಿಗೆ ಮನಸ್ಸಿನಲ್ಲೇ ಕೈಮುಗಿದೆ.

ಇದನ್ನು ಕೀಳುವ ಔಷಧಿ ಇಲ್ಲ, ನರದ ಉರಿಗೆ ಗುಳಿಗೆ ಕೊಡುತ್ತೇನೆ, ಉಳಿದದ್ದು ಕಾಯುವುದು ಎಂದು ಡಾಕ್ಟರು ಹೇಳಿದರು. ಕೆಲವರಿಗೆ ವಾರಗಳು, ಕೆಲವರಿಗೆ ತಿಂಗಳುಗಳು. ಆರು ತಿಂಗಳು ಯಾವ ಮೀನನ್ನೂ ಮುಟ್ಟಬಾರದು. ಶೇಂಗಾ, ಗೋಡಂಬಿಯೂ ಬೇಡ, ಅವನ್ನು ತಿಂದರೆ ಕೆಲವರಿಗೆ ಮರುಕಳಿಸುತ್ತದೆ. ಶೇಂಗಾ ಚಟ್ನಿ ಮಾರುವವಳಿಗೆ ಶೇಂಗಾ ಬೇಡ. ಮಾಡಿದ್ದುಣ್ಣೋ ಮಹಾರಾಯ ಎಂದು ನಾನೇ ನಕ್ಕೆ.

ಬಸ್ಸಿನಲ್ಲಿ ಅತ್ತೆ ಕಿಟಕಿಯ ಕಡೆ ತಿರುಗಿ ಕೂತಿದ್ದರು. ಅರ್ಧ ದಾರಿಯಾದ ಮೇಲೆ, ಆ ತಲೆ ಹೇಗಿತ್ತು ಎಂದು ಕೇಳಿದರು. ಚಲೋ ಇತ್ತೆಂದು ಹೇಳಿದೆ. ಮತ್ತೆ ಕಿಟಕಿಯ ಕಡೆ ತಿರುಗಿದರು.

ಮರುದಿನದಿಂದ ನನ್ನ ಹಟಕ್ಕೆ ಒಂದು ಕೆಲಸ ಸಿಕ್ಕಿತು. ಬೆಳಿಗ್ಗೆ ಏಳಕ್ಕೆ ಶೆಡ್ಡಿಗೆ ಹೋಗುತ್ತಿದ್ದೆ. ಎಸರು ನೋಡಲು ಅತ್ತೆ ಬಂದರು. ನನಗಿಂತ ಮೊದಲು ಈ ಮನೆಯಲ್ಲಿ ಎಸರು ನೋಡುತ್ತಿದ್ದವರು ಅವರೇ. ಸ್ಟೂಲಿನ ಮೇಲೆ ಕೂತು ಹಿಟ್ಟಿಗೆ ಬೆರಳಿಟ್ಟು, ಆತು, ನಾದು ಎನ್ನುತ್ತಿದ್ದರು. ಚಟ್ನಿಯ ರುಚಿ ರೇಣುಕಾ ನೋಡುತ್ತಿದ್ದಳು. ಮೊದಲ ವಾರ ಉಪ್ಪು ಹೆಚ್ಚಾಯಿತು, ಅಂಗಡಿಯವರು ಫೋನು ಮಾಡಿದರು, ಎರಡನೆಯ ವಾರ ಸರಿಯಾಯಿತು. ನಾನು ಗುಳ್ಳೆ ಆರಿದ ಮೇಲೆ ಉಗುರುಬೆಚ್ಚಗಿನ ನೀರಲ್ಲಿ ಕೈಯಿಟ್ಟು ಕೂರುತ್ತಿದ್ದೆ, ದಿನದಿನಕ್ಕೆ ಅದನ್ನು ತುಸು ತಣ್ಣಗೆ ಮಾಡುತ್ತಿದ್ದೆ. ಇದನ್ನು ಯಾವ ಡಾಕ್ಟರೂ ಹೇಳಿರಲಿಲ್ಲ. ಸುಮ್ಮನೆ ಕೂರಲಾರದವಳ ಉಪಾಯ. ದಿನಕ್ಕೊಂದು ರೊಟ್ಟಿ ಬಡಿಯುತ್ತಿದ್ದೆ, ಬೇಯಿಸಲು ರೇಣುಕಾಳಿಗೆ ಕೊಡುತ್ತಿದ್ದೆ. ಅಂಚು ಸೀಳಿದ ರೊಟ್ಟಿಗಳನ್ನು ಯಜಮಾನರೇ ತಿನ್ನುತ್ತಿದ್ದರು. ಅವರ ಪಾಲಿನ ಪ್ರಾಯಶ್ಚಿತ್ತ ಅದು.

ಕೆಟ್ಟ ದಿನಗಳೂ ಇದ್ದವು. ಎರಡನೆಯ ತಿಂಗಳು ಯಾರದೋ ಮನೆಯಲ್ಲಿ ಪಲ್ಯಕ್ಕೆ ಶೇಂಗಾ ಪುಡಿ ಹಾಕಿದ್ದು ಗೊತ್ತಾಗದೆ ತಿಂದು ಮೂರು ದಿನ ಉರಿಯಲ್ಲಿ ಮಲಗಿದೆ. ಇನ್ನು ಸಾಧ್ಯವಿಲ್ಲ, ಶೆಡ್ಡು ರೇಣುಕಾಳಿಗೇ ವಹಿಸಿಬಿಡುತ್ತೇನೆ ಎಂದು ಅವತ್ತು ಅತ್ತೆಗೆ ಹೇಳಿದೆ. ಅತ್ತೆ ನನ್ನ ಪಾದಕ್ಕೆ ಎಣ್ಣೆ ತಿಕ್ಕುತ್ತಿದ್ದರು. ನಿನ್ನ ಬೆರಳು ಬರೂತನಾ ನನ್ನ ಬೆರಳು ಅದಾವಲ್ಲ, ಅಂದರು. ಆ ಮಾತಿಗೆ ಎದ್ದು ಕೂತೆ.

ಈಗ ಐದು ತಿಂಗಳು ನಡೆದಿದೆ. ನಡಿಗೆ ಸರಿಯಾಗಿದೆ. ತುರಿಕೆ ಹೋಗಿದೆ. ಫ್ರಿಜ್ಜಿನ ನೀರು ಇನ್ನೂ ಕಚ್ಚುತ್ತದೆ, ಅದನ್ನು ಬಿಟ್ಟಿದ್ದೇನೆ. ಪೂರ್ತಿ ವಾಸಿಯಾಯಿತೆಂದು ಡಾಕ್ಟರೂ ಹೇಳಿಲ್ಲ, ನಾನೂ ಹೇಳುವುದಿಲ್ಲ.

ಹೋದ ಸೋಮವಾರ ರೇಣುಕಾ ರಜೆ ಹಾಕಿದ್ದಳು. ಒಲೆಯ ಮುಂದೆ ನಾನೇ ಕೂತೆ. ಹಂಚಿನ ಮೇಲೆ ರೊಟ್ಟಿ ಹಾಕುವಾಗ ಹೆಬ್ಬೆರಳು ಅಂಚಿಗೆ ತಾಗಿತು. ಚುರ್ರೆಂದಿತು. ಯೋಚಿಸುವ ಮೊದಲೇ ಕೈ ತಾನಾಗಿ ಹಿಂದೆ ಬಂದಿತ್ತು. ಪಕ್ಕದ ತಟ್ಟೆಯ ನೀರಲ್ಲಿ ಬೆರಳು ಅದ್ದಿದೆ. ತಂಪಾಗಿತ್ತು. ಸುಮ್ಮನೆ ತಂಪಾಗಿತ್ತು. ನಾನು ಬೆರಳು ತೆಗೆಯಲೇ ಇಲ್ಲ. ಹಂಚಿನ ಮೇಲಿನ ರೊಟ್ಟಿ ಸೀಯತೊಡಗಿತು, ಹೆಂಗಸರು ಬಡಿಯುವುದನ್ನು ನಿಲ್ಲಿಸಿ ನೋಡಿದರು. ಅತ್ತೆ ಬಂದು ನನ್ನ ಕೈ ಎತ್ತಿ ನೋಡಿದರು. ಹೆಬ್ಬೆರಳು ಕೆಂಪಗಾಗಿತ್ತು. ಬಿಸಿ ಅನ್ನಿಸಿತೇನು ಎಂದು ಕೇಳಿದರು. ಹೌದು ಅಂದೆ. ಅವರು ಎಸರು ನೋಡಲು ಕೂರುತ್ತಿದ್ದ ತಮ್ಮ ಸ್ಟೂಲು ಎತ್ತಿಕೊಂಡು ಮನೆಯೊಳಗೆ ಹೋದರು.