ತಿಪ್ಪೆಯ ಮೇಲಿನ ಹಣತೆ

ಹಬ್ಬಕ್ಕೆ ಮುಂಚೆ ಆನ್‌ಲೈನಿನಲ್ಲಿ ತರಿಸಿದ ಗೊಬ್ಬರದ ಚೀಲ ಬಂತು. ಮೇಲೆ ಹಸಿರು ಎಲೆಯ ಚಿತ್ರ, ಕೆಳಗೆ ‘ವಾಸನೆರಹಿತ’ ಎಂಬ ಭರವಸೆ. ಬಾಲ್ಕನಿಯ ಕರಿಬೇವಿಗೆ ಹಾಕೋಣವೆಂದು ಚೀಲದ ಬಾಯಿ ಕತ್ತರಿಸಿದೆ. ಪುಣ್ಯಕ್ಕೆ ಭರವಸೆ ಸುಳ್ಳಾಗಿತ್ತು. ತಳದಿಂದ ಸಣ್ಣಗೆ ಒಂದು ವಾಸನೆ ಎದ್ದಿತು. ಹಳೆಯ ಸಗಣಿ, ಬೂದಿ, ಒದ್ದೆ ಹುಲ್ಲು... ಹಾಲಿನಮ್ಮನ ಹೊಲದ ಮೂಲೆಯಲ್ಲಿ ನಿಂತರೆ ಇದೇ ವಾಸನೆ ಬರುತ್ತಿತ್ತು.

ತೊಂಬತ್ತರ ದಶಕದಲ್ಲಿ ನಾವು ಕುಂದಲಹಳ್ಳಿಗೆ ಬಾಡಿಗೆಗೆ ಬಂದಾಗ ನಮ್ಮ ಬಡಾವಣೆಯಲ್ಲಿ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚಿದ್ದವು. ನಮ್ಮವರು ಬೆಳಗ್ಗೆ ಕಾರ್ಖಾನೆಯ ಬಸ್ಸು ಹತ್ತಿದರೆ, ದಾವಣಗೆರೆಯಿಂದ ಬಂದ ನನಗೆ ಸಂಜೆಯವರೆಗೆ ಮಾತಿಗೆ ಒಂದು ಜೀವವಿರಲಿಲ್ಲ. ಹಾಲು ಹಾಕಲು ಬರುತ್ತಿದ್ದ ಹಾಲಿನಮ್ಮನೇ ನನ್ನ ಮೊದಲ ಪರಿಚಯ. ನಮ್ಮ ಮನೆಯ ಹಿಂದಿನ ರಾಗಿ ಹೊಲ ಅವರದೇ. ಹಾಲು ಅಳೆದುಕೊಟ್ಟು, ಹೊರಡುವಾಗ ನಮ್ಮ ತರಕಾರಿ ಸಿಪ್ಪೆಯ ಬಕೆಟ್ಟನ್ನು ಒಯ್ಯುತ್ತಿದ್ದರು. ಹಸು ತಿನ್ನುವುದು ಹಸುವಿಗೆ, ಉಳಿದದ್ದು ಸಗಣಿಯ ಜೊತೆ ಹೊಲದ ಮೂಲೆಯ ತಿಪ್ಪೆಗೆ. ಮಳೆಗಾಲಕ್ಕೆ ಮುಂಚೆ ಆ ತಿಪ್ಪೆ ಗೊಬ್ಬರವಾಗಿ ಹೊಲ ಸೇರುತ್ತಿತ್ತು. ಒಮ್ಮೊಮ್ಮೆ ಬಕೆಟ್ಟು ದಂಟಿನ ಸೊಪ್ಪು ತುಂಬಿಕೊಂಡು ವಾಪಸ್ ಬರುತ್ತಿತ್ತು. ನಮ್ಮ ಬೀದಿಯ ಕಸವೆಲ್ಲ ಹೀಗೆ ಸದ್ದಿಲ್ಲದೆ ಕರಗುತ್ತಿತ್ತು.

ಹಾಲಿನಮ್ಮನ ಬಾಯಿ ಮಾತ್ರ ಜೋರು. ಬಕೆಟ್ಟು ನೋಡಿಯೇ ನಮ್ಮ ಮನೆಯ ಸಮಾಚಾರ ಹೇಳಿಬಿಡುತ್ತಿದ್ದರು. ಸಿಪ್ಪೆ ಹೆಚ್ಚಿದ್ದರೆ ನೆಂಟರು ಬಂದಿದ್ದಾರೆ. ಖಾಲಿಯಿದ್ದರೆ, “ಏನಮ್ಮಾ, ಗಂಡನ ಮ್ಯಾಲೆ ಕ್ವಾಪ ಮಾಡ್ಕೊಂಡು ಒಲೆ ಅಚ್ಚಿಲ್ವಾ?” ಎಂದು ಬೀದಿಗೆಲ್ಲ ಕೇಳುವಂತೆ ವಿಚಾರಣೆ. ನನಗೆ ರೇಗುತ್ತಿತ್ತು. ಒಂದು ದಿನ ಅವರು ಬಾರದಿದ್ದರೆ ಬೇಸರವಾಗುತ್ತಿತ್ತು.

ದೀಪಾವಳಿಗೆ ಅವರು ತಿಪ್ಪೆಯ ನೆತ್ತಿಯ ಮೇಲೆ ಸಗಣಿಯ ಉಂಡೆಯಿಟ್ಟು, ಅದಕ್ಕೆ ಹಳದಿ ಹುಚ್ಚೆಳ್ಳು ಹೂ ಸಿಕ್ಕಿಸಿ, ಪಕ್ಕದಲ್ಲಿ ಹಣತೆ ಹಚ್ಚುತ್ತಿದ್ದರು. ಅವರ ಪಾಲಿಗೆ ತಿಪ್ಪೆಯೇ ಲಕ್ಷ್ಮಿ. ನಮ್ಮ ಕಡೆ ಸಗಣಿಯಿಂದಲೇ ಹಟ್ಟಿ ಲಕ್ಕವ್ವನನ್ನು ಮಾಡಿ ಬಾಗಿಲಲ್ಲಿ ಕೂರಿಸಿ ಪೂಜಿಸುತ್ತೇವೆ. ಆ ಹಣತೆ ಕಂಡ ಮೊದಲ ಸಂಜೆ ನನಗೆ ಅಳುವೇ ಬಂದಿತ್ತು. ಇದೂ ನನ್ನ ಊರೇ ಅನ್ನಿಸಿದ್ದು ಅಂದೇ.

ಮನೆಗಳು ಹೆಚ್ಚಿದವು, ಕಸವೂ ಹೆಚ್ಚಿತು. ಹೊರದೇಶದ ನೆರವಿನ ಯೋಜನೆಯೊಂದು ಬಂತು. ಬಡಾವಣೆಯ ಕಸವನ್ನು ಅಲ್ಲಲ್ಲೇ ಗೊಬ್ಬರ ಮಾಡುವುದು, ಅದಕ್ಕೊಂದು ಯಂತ್ರ. ಜಾಗ ಬೇಕಿತ್ತು. ಒಬ್ಬ ಇಂಜಿನಿಯರು ಮನೆಮನೆಗೆ ಬಂದು ವಿವರಿಸಿದರು. ಒಳ್ಳೆಯ ಮನುಷ್ಯ, ಕೂತು ಕಾಫಿ ಕುಡಿದು ಕೇಳಿದ್ದಕ್ಕೆಲ್ಲ ಉತ್ತರಿಸುವವರು. ನನಗೆ ಅನುಮಾನವಿತ್ತು. ಹಾಲಿನಮ್ಮನಿಗೆ ಮಾತ್ರ ಹಿಡಿಸಲಾರದಷ್ಟು ಸಂಭ್ರಮ.

“ನಮ್ ತಿಪ್ಪೆಗೆ ಮಿಸನ್ ಬತ್ತದಂತೆ ಕಣಮ್ಮಾ! ಇಡೀ ಬಡಾವಣೆ ಗೊಬ್ರ ನಮ್ ಒಲಕ್ಕೇ!” ಎಂದು ಹೇಳಿ, ತಿಪ್ಪೆಯಿದ್ದ ಮೂಲೆಯನ್ನೇ ಯೋಜನೆಗೆ ಬಿಟ್ಟುಕೊಟ್ಟರು. ಪ್ರತಿಯಾಗಿ ಅವರು ಕೇಳಿದ್ದು ಗೊಬ್ಬರವೊಂದನ್ನೇ.

ಶೆಡ್ಡು ಎದ್ದಿತು. ಆ ವರ್ಷದ ದೀಪಾವಳಿಗೆ ಹಾಲಿನಮ್ಮ ಹೊಸ ಯಂತ್ರದ ಮುಚ್ಚಳದ ಮೇಲೇ ಸಗಣಿ ಉಂಡೆ, ಹುಚ್ಚೆಳ್ಳು ಹೂ, ಹಣತೆ ಇಟ್ಟರು. ನೋಡಲು ಬಂದಿದ್ದ ವಿದೇಶಿ ಅಧಿಕಾರಿಗಳು ಖುಷಿಯಿಂದ ಫೋಟೋ ಹೊಡೆದರು. ಜನರ ಸಹಭಾಗಿತ್ವ ಎಂದರೆ ಇದು ಎಂದು ಚಪ್ಪಾಳೆಯಾಯಿತು. ಆ ಫೋಟೋ ಯೋಜನೆಯ ಕ್ಯಾಲೆಂಡರಿನಲ್ಲೂ ಬಂತು. ಹಾಲಿನಮ್ಮ ಅದನ್ನು ದೇವರ ಪಟಗಳ ಸಾಲಿನಲ್ಲಿ ತೂಗುಹಾಕಿದ್ದರು.

ಆ ಯಂತ್ರ ಚಳಿದೇಶದ ತೋಟಗಳ ಒಣಗಿದೆಲೆಗೆ, ಕತ್ತರಿಸಿದ ಹುಲ್ಲಿಗೆ ಮಾಡಿದ್ದು. ನಮ್ಮದೋ, ಸಾರು, ಮೊಸರನ್ನ, ಬಾಳೆಎಲೆ, ತೆಂಗಿನ ನಾರು. ನಾರು ಸುತ್ತಿಕೊಂಡು ನಿಲ್ಲುತ್ತಿತ್ತು, ಕರೆಂಟು ಹೋದರೆ ಒಳಗೇ ಕೊಳೆಯುತ್ತಿತ್ತು. ಸಗಣಿ, ಮಣ್ಣು ಸೇರಿಸಿ ಗುಂಡಿಯಲ್ಲೇ ಮಾಡೋಣ ಎಂದು ಇಂಜಿನಿಯರು ಮೇಲಿನವರನ್ನು ಕೇಳಿದರಂತೆ. ಸಗಣಿ ಬೆರೆಸುವಂತಿಲ್ಲ ಎಂಬುದು ನೆರವು ಕೊಟ್ಟವರ ಷರತ್ತು.

“ಹೋದ್ಕಡೆಯೆಲ್ಲಾ ಇದೇ ಪ್ಲಾನು ಮೇಡಂ. ಇಲ್ಲಿಗೋಸ್ಕರ ಒಂದು ಸಾಲು ಬದಲಾಯ್ಸೋಕೂ ಯಾರಿಗೂ ಅಧಿಕಾರ ಇಲ್ಲ,” ಎಂದು ಅವರು ನಮ್ಮ ಜಗಲಿಯಲ್ಲಿ ತಲೆ ತಗ್ಗಿಸಿ ಕೂತಿದ್ದರು.

ಯಂತ್ರ ಕೊನೆಗೂ ಸುಟ್ಟುಹೋಯಿತು. ಆದರೆ ಸರ್ಕಾರದ ಲೆಕ್ಕದಲ್ಲಿ ಅದು ಕಸದ ಜಾಗವೆಂದು ಆಗಲೇ ನಿಗದಿಯಾಗಿತ್ತಲ್ಲ, ಲಾರಿಗಳು ನಿಲ್ಲಲಿಲ್ಲ. ಬೇರೆ ಬಡಾವಣೆಗಳ ಕಸವೂ ಬಂದು ಬಿತ್ತು. ಇತ್ತ ತಿಪ್ಪೆಗೆ ಜಾಗವಿಲ್ಲದೆ ಹಾಲಿನಮ್ಮನ ಮನೆ ಬಾಗಿಲಲ್ಲೇ ಸಗಣಿ ಕೂತಿತು. ನೊಣ ಬರುತ್ತದೆಂದು ಹೊಸದಾಗಿ ಬಂದ ಮನೆಯವರು ದೂರು ಕೊಟ್ಟರು. ಹಸುಗಳು ಒಂದೊಂದಾಗಿ ಮಾರಾಟವಾದವು. ನಾವೆಲ್ಲ ಪ್ಯಾಕೆಟ್ ಹಾಲಿಗೆ ಹೋದೆವು, ಖಾಲಿ ಕವರುಗಳೂ ಅದೇ ಗುಡ್ಡೆ ಸೇರಿದವು.

ಮರುವರ್ಷದ ದೀಪಾವಳಿ. ಸಂಜೆ ಹಾಲಿನಮ್ಮ ಎಂದಿನಂತೆ ಹಣತೆ ಹಿಡಿದು ಹೊರಟರು. ಆ ಗಬ್ಬಿಗೆ ಯಾಕೆ ಹೋಗುತ್ತೀರಿ ಎಂದು ನಾನು ಕೂಗಿದೆ.

“ಎಂಗಿದ್ರೂ ನಮ್ ತಿಪ್ಪೆ ಅಲ್ವಾ? ಅಬ್ಬದ ದಿನ ಕತ್ಲಾಗೆ ಬಿಡಕಾಯ್ತದಾ?” ಎಂದು ನಕ್ಕರು.

ಹಸಿ ಸಗಣಿಯ ತಿಪ್ಪೆ ಹಣತೆಗೆಲ್ಲ ಹೊತ್ತಿಕೊಳ್ಳುವುದಿಲ್ಲ. ಅವರ ಅತ್ತೆ, ಅತ್ತೆಯ ಅತ್ತೆ ಎಲ್ಲರೂ ಹಚ್ಚಿದ್ದ ದೀಪ ಅದು. ಇದು ಪ್ಲಾಸ್ಟಿಕ್ಕಿನ ಗುಡ್ಡೆ... ಅವರು ಮನೆಗೆ ಮರಳುವಷ್ಟರಲ್ಲಿ ಹತ್ತಿಕೊಂಡಿತ್ತು. ಜನ ಅದನ್ನು ಮೊದಲು ಪಟಾಕಿಯ ಬೆಳಕೆಂದೇ ತಿಳಿದರು. ಮೇಲಿನ ಬೆಂಕಿ ಆರಿಸಿದರೂ ಒಳಗಿನದು ದಿನಗಟ್ಟಲೆ ಹೊಗೆಯಾಡಿತು. ಕೊಯ್ಲಿಗೆ ಬಂದಿದ್ದ ರಾಗಿಯ ಮೇಲೆ ಕರಿ ಮಸಿ ಕೂತಿತು. ಉಳಿದಿದ್ದ ಒಂದು ಹಸುವೂ ಆ ಹುಲ್ಲು ಮೂಸಿ ಮುಖ ತಿರುಗಿಸಿತು.

ಸ್ವಲ್ಪ ದಿನದ ಮೇಲೆ ಇಂಜಿನಿಯರು ಬಂದು ಗೇಟಿನಾಚೆಯೇ ನಿಂತರು. ಅವರಿಗೆ ವರ್ಗವಾಗಿತ್ತು. “ಸ್ಥಳೀಯರ ಮೌಢ್ಯದಿಂದ ಬೆಂಕಿ ಬಿತ್ತು, ಯೋಜನೆ ನಿಲ್ತು ಅಂತ ರಿಪೋರ್ಟ್ ಬರ್ದು ಮುಗಿಸಿದ್ದಾರೆ ಮೇಡಂ. ಮಿಷನ್ ಕೆಟ್ಟಿದ್ದು ಎಲ್ಲೂ ಇಲ್ಲ,” ಎಂದರು. ಯಾರ ಮೇಲೆ ಕೂಗಾಡುವುದು? ಕೈಗೆ ಸಿಕ್ಕಿದ್ದ ಒಬ್ಬ ಮನುಷ್ಯ ಆಗಲೇ ಸೋತು ನಿಂತಿದ್ದರು.

ಹಾಲಿನಮ್ಮ ಕ್ಯಾಲೆಂಡರನ್ನು ಗೋಡೆಯಿಂದ ತೆಗೆದುಬಿಟ್ಟಿದ್ದರು. ಬಾಯಿ ನಿಂತುಹೋಗಿತ್ತು. ನನ್ನನ್ನು ಕಂಡಾಗಲೆಲ್ಲ ಒಂದೇ ಪ್ರಶ್ನೆ: “ನಾನೇ ಸುಟ್ಟಾಕ್ಬಿಟ್ನೇನಮ್ಮಾ?” ಇಲ್ಲ ಎಂದು ಎಷ್ಟು ಹೇಳಿದರೂ ಅವರಿಗೆ ನಂಬಿಕೆ ಬರಲಿಲ್ಲ. ಲಕ್ಷ್ಮಿಯನ್ನು ಸುಟ್ಟವಳು ಇನ್ನು ಯಾವ ಕೈಯಲ್ಲಿ ದೀಪ ಹಚ್ಚಲಿ ಎನ್ನುತ್ತಿದ್ದರು. ಹೊಲ ಮಾರಿ ಚಂದಾಪುರದ ಮಗಳ ಮನೆಗೆ ಹೋದರು. ಅಲ್ಲೇ ತೀರಿಕೊಂಡರೆಂದು ಬಹಳ ತಡವಾಗಿ ತಿಳಿಯಿತು. ಹಬ್ಬದ ದಿನವೂ ದೀಪ ಮುಟ್ಟುತ್ತಿರಲಿಲ್ಲವಂತೆ...

ಆ ಹೊಲದ ಮೇಲೆ ಈಗ ಅಪಾರ್ಟ್‌ಮೆಂಟುಗಳಿವೆ. ಅಂಥದ್ದೇ ಒಂದರಲ್ಲಿ ನಾನಿದ್ದೇನೆ. ನಮ್ಮ ಕಸವನ್ನು ಬೆಳಗ್ಗೆ ಲಾರಿ ಯಾವುದೋ ಊರಿಗೆ ಒಯ್ಯುತ್ತದೆ. ಯಾವ ಊರು, ಯಾರ ಹೊಲದ ಪಕ್ಕ ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಸರಿಯಾಗುತ್ತದೆ ಎಂಬ ಆಸೆ ನನಗೆ ಈಗ ಉಳಿದಿಲ್ಲ.

ನಿನ್ನೆ ದೀಪಾವಳಿ. ಅವರ ಹೆಸರಿನಲ್ಲಿ ಒಂದು ದೀಪ ಇರಲಿ ಎಂದು ಹಣತೆ ಹಿಡಿದು ಬಾಲ್ಕನಿಗೆ ಹೋದೆ. ಕರಿಬೇವಿನ ಬುಡದಲ್ಲಿ ಅದನ್ನು ಕೂರಿಸಲು ಹೊಸ ಗೊಬ್ಬರವನ್ನು ಬೆರಳಿಂದ ಸರಿಸಿದಾಗ ಹಾಲಿನ ಕವರಿನ ಚೂರೊಂದು ಕಂಡಿತು. ಇನ್ನೊಂದು ಕಡೆ ಸರಿಸಿದೆ. ಅಲ್ಲೂ ಇತ್ತು.

ಹಣತೆಯನ್ನು ಹಚ್ಚದೆ ಒಳಗೆ ತಂದಿಟ್ಟೆ.